ಸೊಂಟದ ಅಳತೆಯಿಂದ ಶುರುಮಾಡಿ: ಬೆಂಗಳೂರಿನ ದಿನಚರಿಯೊಳಗೇ ದೇಹವನ್ನು ಹದಗೊಳಿಸುವ ಕ್ರಮ

ತೂಕ ಇಳಿಸಬೇಕೆಂದು ಮನಸ್ಸು ಮಾಡಿದವರಲ್ಲಿ ಹೆಚ್ಚಿನವರು ಮೊದಲು ತೂಕದ ಯಂತ್ರ ಕೊಳ್ಳುತ್ತಾರೆ, ಇಲ್ಲವೇ ಜಿಮ್ಮಿಗೆ ಇಡೀ ವರ್ಷದ ಶುಲ್ಕ ಕಟ್ಟಿ ಬರುತ್ತಾರೆ. ಅದಕ್ಕೂ ಮೊದಲು ಮನೆಯ ಹೊಲಿಗೆ ಪೆಟ್ಟಿಗೆಯಲ್ಲಿರುವ ಟೇಪನ್ನು ಹೊರತೆಗೆಯಿರಿ ಎಂಬುದು ನನ್ನ ವಿನಂತಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವಿನ ಜಾಗದಲ್ಲಿ ಟೇಪನ್ನು ನೆಲಕ್ಕೆ ಸಮನಾಗಿ ಸುತ್ತಿ, ಉಸಿರನ್ನು ಸಹಜವಾಗಿ ಹೊರಬಿಟ್ಟು, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ ಅಳತೆ ನೋಡಿ. ಅದು ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ ಹೊಟ್ಟೆಯೊಳಗಿನ ಕೊಬ್ಬು ಅಪಾಯದ ಮಟ್ಟಕ್ಕೆ ಬಂದಿದೆ ಎಂದು ಭಾರತೀಯರ ವಿಷಯದಲ್ಲಿ ವೈದ್ಯರು ಪರಿಗಣಿಸುತ್ತಾರೆ. ಇದಕ್ಕೆಂದೇ ಒಂದು ಲೆಕ್ಕದ ಪುಸ್ತಕ ಇಟ್ಟುಕೊಂಡು, ಅದರ ಮೊದಲ ಪುಟದಲ್ಲಿ ಆ ಅಂಕಿಯನ್ನೂ ದಿನಾಂಕವನ್ನೂ ಬರೆದಿಡಿ. ಮುಂದೆ ಹೇಳುವ ಎಲ್ಲವೂ ಈ ಅಳತೆಯನ್ನು ಇಳಿಸುವುದಕ್ಕೆ ಸಂಬಂಧಿಸಿದ್ದು.

ತೂಕವನ್ನು ಬಿಟ್ಟು ಸೊಂಟವನ್ನೇಕೆ ಹಿಡಿಯಬೇಕು ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಸರಿಯಾಗಿ 22.3 ಇತ್ತು. ಆದರೆ ಯಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡ 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಅದು ಶೇಕಡ 21.2 ಇತ್ತು. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ಕಟ್ಟಿಕೊಂಡಿರುವುದು, ಸ್ನಾಯು ಕಡಿಮೆಯಿರುವುದು ನಮ್ಮ ಜನರ ಮೈಕಟ್ಟಿನ ಲಕ್ಷಣ. ಆ ಕಾರಣದಿಂದಲೇ ಬಿಎಂಐ ಮಿತಿಯನ್ನೂ ನಮಗೆ ಕೆಳಗಿಳಿಸಿದ್ದಾರೆ: 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಐದು ಅಡಿ ಐದು ಅಂಗುಲ ಎತ್ತರದವರಿಗೆ ಈ ಮಿತಿಗಳು ಹೆಚ್ಚು ಕಡಿಮೆ 63 ಕಿಲೋ ಮತ್ತು 68 ಕಿಲೋ ಆಗುತ್ತವೆ.

ನನ್ನ ವಿಷಯದಲ್ಲಿ ಆದದ್ದೂ ಇದೇ. ನಲವತ್ತೇಳನೆಯ ವಯಸ್ಸಿನಲ್ಲಿ ನನ್ನ ತೂಕ 71 ಕಿಲೋ ಇತ್ತು. ಮನೆಯವರು, ನೆಂಟರು ಎಲ್ಲರೂ ಮೈಕೈ ತುಂಬಿಕೊಂಡು ಚೆನ್ನಾಗಿದ್ದೀಯ ಎನ್ನುತ್ತಿದ್ದರು. ಟೇಪು 97 ಸೆಂಟಿಮೀಟರ್ ತೋರಿಸಿತು, ಬರಿಹೊಟ್ಟೆಯ ರಕ್ತದ ಸಕ್ಕರೆ ಡೆಸಿಲೀಟರಿಗೆ 112 ಮಿಲಿಗ್ರಾಂ ಬಂತು. ನೂರರ ಒಳಗಿದ್ದರೆ ಸಹಜ, 126 ಮುಟ್ಟಿದರೆ ಮಧುಮೇಹ. ನಾನು ನಡುವಿನ ಹೊಸ್ತಿಲಲ್ಲಿ ನಿಂತಿದ್ದೆ. ಆ ಹೊಸ್ತಿಲಿನಿಂದ ಹಿಂದಕ್ಕೆ ಬರಲು ಸಾಧ್ಯವಿದೆ ಎಂಬುದನ್ನು ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನವೇ ತೋರಿಸಿತ್ತು: ಊಟ ಮತ್ತು ನಡಿಗೆಯ ಬದಲಾವಣೆಯಿಂದ ಮಧುಮೇಹ ಬರುವ ಸಂಭವ ಶೇಕಡ 28ರಷ್ಟು ತಗ್ಗಿತು.

ಮೊದಲು ಊಟ

ವ್ಯಾಯಾಮದಿಂದಲೇ ತೂಕ ಇಳಿಸಿಬಿಡುತ್ತೇನೆ ಎಂಬ ನಂಬಿಕೆಯನ್ನು ಆರಂಭದಲ್ಲೇ ಬಿಡಬೇಕು. 65 ಕಿಲೋ ತೂಕದ ವ್ಯಕ್ತಿ ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ, ಮತ್ತು ಒಂದು ದೊಡ್ಡ ಚಮಚ ಅಡುಗೆ ಎಣ್ಣೆಯಲ್ಲಿರುವುದೂ ಅಷ್ಟೇ. ವ್ಯಾಯಾಮ ಬೇಡವೆಂದು ಇದರ ಅರ್ಥವಲ್ಲ. ಅದರ ಕೆಲಸ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಟೇಪಿನ ಅಂಕಿ ಇಳಿಯಬೇಕಾದರೆ ಅಡುಗೆಮನೆಯಲ್ಲಿ ಲೆಕ್ಕ ಶುರುವಾಗಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ಊಟದ ಮಾದರಿಯಿದೆ. ಬೇಯಿಸುವ ಮೊದಲಿನ ತೂಕದಲ್ಲಿ ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ. ತರಕಾರಿ ಮತ್ತು ಸೊಪ್ಪು 400 ಗ್ರಾಂ. ಹಣ್ಣು 100 ಗ್ರಾಂ. ಬೇಳೆ, ಕಾಳು, ಮೊಟ್ಟೆ ಅಥವಾ ಮಾಂಸ 85 ಗ್ರಾಂ. ಹಾಲು ಅಥವಾ ಮೊಸರು 300 ಮಿಲಿಲೀಟರ್. ಬೀಜಗಳು 35 ಗ್ರಾಂ. ಎಣ್ಣೆ 27 ಗ್ರಾಂ. ಈ ಪಟ್ಟಿಯನ್ನು ನಮ್ಮ ಮನೆಯ ಊಟದ ಪಕ್ಕದಲ್ಲಿಟ್ಟು ನೋಡಿದರೆ ಅಕ್ಕಿ ಮತ್ತು ಎಣ್ಣೆ ಮೀರಿರುವುದು, ಸೊಪ್ಪು ತರಕಾರಿ ಅರ್ಧಕ್ಕಿಂತ ಕೆಳಗಿರುವುದು, ಬೇಳೆಕಾಳು ಹೆಸರಿಗೆ ಮಾತ್ರ ಇರುವುದು ಕಾಣುತ್ತದೆ.

ಬೇಳೆ ಹೆಸರಿಗೆ ಮಾತ್ರ ಎಂದರೆ ಅನೇಕರು ಒಪ್ಪುವುದಿಲ್ಲ, ದಿನವೂ ಸಾರು ಮಾಡುತ್ತೇವಲ್ಲ ಎನ್ನುತ್ತಾರೆ. ಆ ಸಾರನ್ನೇ ಲೆಕ್ಕ ಹಾಕೋಣ. ನಾಲ್ಕು ಜನರ ಸಾರಿಗೆ 100 ಗ್ರಾಂ ತೊಗರಿಬೇಳೆ ಹಾಕಿದರೆ ಅದರಲ್ಲಿರುವ ಪ್ರೋಟೀನು ಸುಮಾರು 22 ಗ್ರಾಂ. ಒಬ್ಬೊಬ್ಬರ ಪಾಲಿಗೆ ಬರುವುದು ಐದೂವರೆ ಗ್ರಾಂ. ಒಬ್ಬ ವಯಸ್ಕನಿಗೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನು ಬೇಕು, ಅಂದರೆ 60 ಕಿಲೋದವರಿಗೆ ದಿನಕ್ಕೆ 50 ಗ್ರಾಂ. ತೂಕ ಇಳಿಸುತ್ತಾ ಸ್ನಾಯು ಉಳಿಸಿಕೊಳ್ಳಬೇಕಾದವರು, ಐವತ್ತು ದಾಟಿದವರು ಕಿಲೋಗೆ ಒಂದು ಗ್ರಾಂ ಅಥವಾ ಸ್ವಲ್ಪ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಊಟದಲ್ಲಿ ಸಾರು ಅನ್ನವನ್ನು ಕಲಸಿಕೊಳ್ಳುವುದಕ್ಕಿರುವ ದ್ರವವಾಗಿದೆಯೇ ಹೊರತು ಬೇಳೆ ತಿನ್ನುವ ದಾರಿಯಾಗಿ ಉಳಿದಿಲ್ಲ.

ಇದಕ್ಕೆ ಪರಿಹಾರ ನಮ್ಮ ಅಡುಗೆಯಲ್ಲೇ ಇದೆ. ಬಸ್ಸಾರು ಮಾಡುವಾಗ ಹುರುಳಿಕಾಳನ್ನೋ ಅಲಸಂದೆಯನ್ನೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ, ಕಟ್ಟನ್ನು ಬಸಿದು ಸಾರಿಗೆ ಇಟ್ಟುಕೊಂಡು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ಸತ್ವವೆಲ್ಲ ಕಟ್ಟಿನಲ್ಲಿದೆ ಎಂಬ ಮಾತನ್ನು ನಂಬಿ ಮೂರು ಸೌಟು ಸಾರು ಹಾಕಿಕೊಂಡು ಎರಡು ಚಮಚ ಪಲ್ಯ ತಿನ್ನುವುದು ರೂಢಿ. ಅದನ್ನು ತಿರುಗಿಸಿ. ಪ್ರೋಟೀನೂ ನಾರೂ ಬಹುಪಾಲು ಉಳಿದಿರುವುದು ಕಾಳಿನಲ್ಲಿ. ಪಲ್ಯವೇ ತಟ್ಟೆಯ ಅರ್ಧ ತುಂಬಲಿ, ಸಾರು ಒಂದು ಬಟ್ಟಲಿರಲಿ. ಕೋಸಂಬರಿಯನ್ನು ರಾಮನವಮಿಗೂ ಗೌರಿ ಹಬ್ಬಕ್ಕೂ ಮೀಸಲಿಡದೆ ವಾರಕ್ಕೆ ಮೂರು ದಿನ ಮಾಡಿ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕ್ಯಾರೆಟ್ಟು, ನಿಂಬೆರಸ ಸೇರಿದ ಆ ಬಟ್ಟಲನ್ನು ಅನ್ನಕ್ಕೆ ಮೊದಲು ತಿಂದು ಮುಗಿಸಿ. ತರಕಾರಿ ಮತ್ತು ಕಾಳನ್ನು ಮೊದಲು ತಿಂದು ಅನ್ನವನ್ನು ಆಮೇಲೆ ತಿಂದರೆ ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವುದು ತಗ್ಗುತ್ತದೆ. ಬಾಳೆಲೆಯ ಊಟದಲ್ಲಿ ಅನ್ನ ಬರುವ ಮೊದಲೇ ಕೋಸಂಬರಿ, ಪಲ್ಯ ಎಲೆಯ ಮೇಲಿರುತ್ತವೆ. ಅವನ್ನು ಉಪ್ಪಿನಕಾಯಿಯಂತೆ ನಂಜಿಕೊಳ್ಳದೆ ಮೊದಲು ಮುಗಿಸುವ ಅಭ್ಯಾಸ ಮಾಡಿಕೊಂಡರೆ ಸಾಕು.

60 ಕಿಲೋ ತೂಕದ ಸಸ್ಯಾಹಾರಿಯೊಬ್ಬರ ದಿನ ಹೀಗೆ ಸಾಗಬಹುದು. ಬೆಳಿಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆಯಿಂದ 14 ಗ್ರಾಂ, ಮಧ್ಯಾಹ್ನ 40 ಗ್ರಾಂ ಕಾಳಿನ ಪಲ್ಯದಿಂದ 9 ಗ್ರಾಂ, ಒಂದು ದೊಡ್ಡ ಬಟ್ಟಲು ಮೊಸರಿನಿಂದ 6 ಗ್ರಾಂ, ದಿನದ ಹಾಲಿನಿಂದ 6 ಗ್ರಾಂ, ಸಂಜೆ ಒಂದು ಹಿಡಿ ಕಡಲೆಕಾಯಿ ಬೀಜದಿಂದ 5 ಗ್ರಾಂ, ಅನ್ನ ಮತ್ತು ಮುದ್ದೆಯಿಂದ 15 ಗ್ರಾಂ. ಒಟ್ಟು 55 ಗ್ರಾಂ ಆಯಿತು. ಇನ್ನಷ್ಟು ಬೇಕಾದರೆ 25 ಗ್ರಾಂ ಸೋಯಾ ಉಂಡೆಯನ್ನು ಸಾಗುವಿಗೆ ಹಾಕಿದರೆ 13 ಗ್ರಾಂ ಸೇರುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದೊಂದು ಮೊಟ್ಟೆಯಿಂದ 6 ಗ್ರಾಂ, ಕೋಳಿ ಅಥವಾ ಮೀನು ತಿನ್ನುವವರಿಗೆ 100 ಗ್ರಾಂನಿಂದ ಸುಮಾರು 20 ಗ್ರಾಂ ಸಿಗುತ್ತದೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಮಾರುಕಟ್ಟೆಗೆ ಬಂದಾಗ ಕಾಳು ತಿನ್ನಲು ಯಾರೂ ಯಾರಿಗೂ ಬುದ್ಧಿ ಹೇಳಬೇಕಾಗಿಲ್ಲ. ಆದರೆ ಹಿತಕಿದ ಬೇಳೆಯನ್ನು ಸಾರಾಗಿ ತಿನ್ನುವುದಕ್ಕೂ ಎಣ್ಣೆಯಲ್ಲಿ ಕರಿದು ಖಾರ ಹಚ್ಚಿ ತಿನ್ನುವುದಕ್ಕೂ ವ್ಯತ್ಯಾಸ ಬಹಳವಿದೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಲೇಬೇಕು. ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಾನು ರಾಗಿಯ ಪಕ್ಷಪಾತಿ. ಅದರಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ, ಅಕ್ಕಿಗಿಂತ ನಾರು ಬಹಳ ಹೆಚ್ಚು. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದ್ದರೆ ಅಕ್ಕಿಯಲ್ಲಿ ಸುಮಾರು 350 ಇರುತ್ತದೆ, ಅಂತರ ಅಷ್ಟೇ. ಎರಡು ದೊಡ್ಡ ಮುದ್ದೆ ಉಂಡು, ಮೇಲೆ ಅನ್ನವನ್ನೂ ಉಂಡರೆ ಟೇಪಿನ ಅಂಕಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹೊಲದಲ್ಲಿ ದಿನವಿಡೀ ದುಡಿಯುವವರ ಅಳತೆಯ ಮುದ್ದೆಯನ್ನು ಹತ್ತು ಗಂಟೆ ಕುರ್ಚಿಯಲ್ಲಿ ಕೂರುವವರು ಉಣ್ಣಲಾಗದು.

ಆದ್ದರಿಂದ ಅಳೆಯುವ ಕೆಲಸವನ್ನು ತಟ್ಟೆಗೆ ಬಿಡದೆ ಡಬ್ಬಿಯಲ್ಲೇ ಮಾಡಿ. ನಮ್ಮ ಮನೆಯ ಪಾವಿನಲ್ಲಿ 200 ಗ್ರಾಂ ಅಕ್ಕಿ ಹಿಡಿಯುತ್ತದೆ. ಹಿಂದೆ ನಾಲ್ಕು ಜನಕ್ಕೆ ಮಧ್ಯಾಹ್ನ ಎರಡು ಪಾವು, ರಾತ್ರಿ ಎರಡು ಪಾವು ಇಡುತ್ತಿದ್ದೆವು. ಬೆಳಗಿನ ತಿಂಡಿ ಬಿಟ್ಟೂ ಒಬ್ಬೊಬ್ಬರಿಗೆ 200 ಗ್ರಾಂ. ಈಗ ಹೊತ್ತಿಗೆ ಒಂದೊಂದು ಪಾವು. ಒಮ್ಮೆಲೇ ಇಳಿಸಲಿಲ್ಲ, ಎರಡು ವಾರಕ್ಕೆ ಒಂದು ಹಿಡಿಯಂತೆ ತೆಗೆದೆವು, ತೆಗೆದಷ್ಟಕ್ಕೆ ಪಲ್ಯ ಹೆಚ್ಚಿಸಿದೆವು. ಅನ್ನವನ್ನು ತಟ್ಟೆಯಲ್ಲಿ ಕಡಿಮೆ ಹಾಕಿಕೊಳ್ಳುವುದು ದಿನವೂ ಮಾಡಬೇಕಾದ ಹೋರಾಟ. ಕುಕ್ಕರಿನಲ್ಲೇ ಕಡಿಮೆ ಇಟ್ಟರೆ ಆ ಹೋರಾಟವೇ ಇರುವುದಿಲ್ಲ.

ಎಣ್ಣೆಗೂ ಇದೇ ಉಪಾಯ. ಎಣ್ಣೆ ಕ್ಯಾನನ್ನು ಒಡೆದ ದಿನ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ದಿನಾಂಕ ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಐದು ಲೀಟರ್ ಒಂದೇ ತಿಂಗಳಲ್ಲಿ ಮುಗಿದರೆ ತಲೆಗೆ ದಿನಕ್ಕೆ 42 ಮಿಲಿಲೀಟರ್, ಅಂದರೆ ಸುಮಾರು 340 ಕ್ಯಾಲೊರಿ ಎಣ್ಣೆಯಿಂದಲೇ ಬರುತ್ತಿದೆ. ಅದೇ ಕ್ಯಾನು 50 ದಿನ ಬಂದರೆ 25 ಮಿಲಿಲೀಟರಿಗೆ ಇಳಿದಂತಾಯಿತು. ಸಕ್ಕರೆಯ ಲೆಕ್ಕ ಚಿಕ್ಕದು: ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ 30 ಗ್ರಾಂ, 120 ಕ್ಯಾಲೊರಿ, ದಿನಕ್ಕೆ 25 ಗ್ರಾಂ ಒಳಗಿರಬೇಕೆಂಬ ಮಿತಿ ಕಾಫಿಯಲ್ಲೇ ದಾಟಿತು. ಡಿಕಾಕ್ಷನ್ ಗಟ್ಟಿಯಾಗಿಸಿ, ಸಕ್ಕರೆಯನ್ನು ಅರ್ಧ ಚಮಚಕ್ಕೆ ಇಳಿಸಿ, ಹೊರಗಡೆ ಬೈಟು ಹೇಳುವ ನಮ್ಮ ಊರಿನ ಪದ್ಧತಿಯನ್ನು ಬಿಡಬೇಡಿ. ಬೆಲ್ಲ ಹಾಕಿದರೆ ತೊಂದರೆಯಿಲ್ಲ ಎಂಬುದು ನಿಜವಲ್ಲ. ತೂಕದ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೂ ಒಂದೇ.

ಇವೆಲ್ಲ ಕೂಡಿದರೆ ಏನಾಗುತ್ತದೆ? ದಿನಕ್ಕೆ 100 ಗ್ರಾಂ ಅಕ್ಕಿ ಕಡಿಮೆಯಾಗಿ 350 ಕ್ಯಾಲೊರಿ ಉಳಿಯಿತು, ಅದರ ಬದಲು ತಿಂದ ಕಾಳು ತರಕಾರಿಗೆ 100 ಕ್ಯಾಲೊರಿ ಮರಳಿ ಹೋಯಿತು, ಎಣ್ಣೆಯಿಂದ 140, ಸಕ್ಕರೆಯಿಂದ 90 ಉಳಿಯಿತು, ಒಟ್ಟು 480. ಒಂದು ಕಿಲೋ ಕೊಬ್ಬು ಸುಮಾರು 7700 ಕ್ಯಾಲೊರಿಗೆ ಸಮ, ಆದ್ದರಿಂದ ಈ ಉಳಿತಾಯ ವಾರಕ್ಕೆ ಅರ್ಧ ಕಿಲೋದ ಹತ್ತಿರ ಬರುತ್ತದೆ. ಇದಕ್ಕಿಂತ ವೇಗ ಬೇಡ. ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯುವ ಪಥ್ಯಗಳು, ಬರಿ ಜ್ಯೂಸಿನ ಪಥ್ಯಗಳು ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತವೆ, ಮತ್ತೆ ಊಟಕ್ಕೆ ಮರಳಿದಾಗ ಬರುವುದು ಹೆಚ್ಚಾಗಿ ಕೊಬ್ಬು.

ದರ್ಶಿನಿಯ ತಿಂಡಿಯ ಬಗ್ಗೆ ಹೇಳದೆ ಬೆಂಗಳೂರಿನಲ್ಲಿ ಊಟದ ಮಾತು ಮುಗಿಯದು. ಇಡ್ಲಿ ಹಬೆಯಲ್ಲಿ ಬೆಂದದ್ದು, ಎರಡು ತಿನ್ನಿ. ಪಕ್ಕದ ವಡೆಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಿ. ಚೌಚೌ ಬಾತ್ ಎಂದರೆ ರವೆಯ ಮೇಲೆ ರವೆ, ಅದರ ಮೇಲೆ ಎಣ್ಣೆ, ತುಪ್ಪ, ಸಕ್ಕರೆ. ಅದು ತಿಂಗಳಿಗೊಮ್ಮೆ ಸಾಕು. ಬೆಣ್ಣೆ ಮಸಾಲೆ ದೋಸೆಯನ್ನು ವಾರಕ್ಕೊಂದು ದಿನ ಕೂತು, ಮನಸಾರೆ ತಿನ್ನಿ. ಪಶ್ಚಾತ್ತಾಪ ಪಡುತ್ತಾ ವಾರಕ್ಕೆ ನಾಲ್ಕು ದಿನ ತಿನ್ನುವುದಕ್ಕಿಂತ ಅದು ಎಷ್ಟೋ ಮೇಲು. ಕಚೇರಿಯಲ್ಲಿ ಸಂಜೆ ಐದರ ಹಸಿವಿಗೆ ಬೋಂಡಾ, ಬಜ್ಜಿಯ ಬದಲು ಮನೆಯಿಂದಲೇ ಒಂದು ಹಿಡಿ ಹುರಿಗಡಲೆ ಮತ್ತು ಒಂದು ಸೀಬೆಹಣ್ಣು ಒಯ್ಯಿರಿ. ರಾತ್ರಿ ಪಾಳಿಯವರ ಕಷ್ಟ ನನಗೆ ಗೊತ್ತು. ಅವರು ಪಾಳಿಗೆ ಹೊರಡುವ ಮೊದಲೇ ಮುಖ್ಯ ಊಟ ಮುಗಿಸಿ, ನಡುರಾತ್ರಿಯಲ್ಲಿ ಮೊಸರು, ಕಾಳು, ಹಣ್ಣಿನಂಥ ಹಗುರ ತಿನಿಸು ಇಟ್ಟುಕೊಂಡರೆ ಉತ್ತಮ.

ಬಸ್ಕಿ, ದಂಡ ಮತ್ತು ನೀರಿನ ಕ್ಯಾನು

ಮೂವತ್ತು ದಾಟಿದ ಮೇಲೆ ಸ್ನಾಯು ಪ್ರತಿ ದಶಕಕ್ಕೆ ಶೇಕಡ 3ರಿಂದ 8ರಷ್ಟು ಕರಗುತ್ತಾ ಹೋಗುತ್ತದೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ. ಅದು ಕಡಿಮೆಯಾದಷ್ಟೂ ಸಕ್ಕರೆಗೆ ಜಾಗ ಕಡಿಮೆ. ಹಾಗಾಗಿ ವ್ಯಾಯಾಮದಲ್ಲಿ ನಾನು ಮೊದಲ ಸ್ಥಾನ ಕೊಡುವುದು ಬಲದ ಅಭ್ಯಾಸಕ್ಕೆ, ನಡಿಗೆಗೆ ಎರಡನೆಯ ಸ್ಥಾನ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಇರಲೇಬೇಕೆನ್ನುತ್ತದೆ.

ಇದು ನಮಗೆ ಹೊಸದೇನಲ್ಲ. ಹಳೆಯ ಪೇಟೆಗಳ ಗರಡಿಮನೆಗಳಲ್ಲಿ ದಂಡ, ಬಸ್ಕಿ ಹೊಡೆದು ಸಾಮು ಮಾಡುತ್ತಿದ್ದರು. ಕೆ.ವಿ. ಅಯ್ಯರ್ ಅವರು 1920ರ ದಶಕದಲ್ಲೇ ಈ ಊರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಾ ಸೂರ್ಯನಮಸ್ಕಾರವನ್ನೂ ಕಬ್ಬಿಣದ ಭಾರ ಎತ್ತುವುದನ್ನೂ ಜೊತೆಜೊತೆಯಲ್ಲಿ ಕಲಿಸಿದರು. ಆ ಜೋಡಣೆ ಇವತ್ತಿಗೂ ಸರಿಯಾದದ್ದೇ.

ಮನೆಯಲ್ಲಿ ಹೀಗೆ ಆರಂಭಿಸಬಹುದು. ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟು, ಅದರ ಮುಂದೆ ನಿಂತು, ಕೈಯೂರದೆ ನಿಧಾನವಾಗಿ ಕುಳಿತು ಎದ್ದೇಳಿ. ಇದು ಬಸ್ಕಿಯ ಮೊದಲ ಮೆಟ್ಟಿಲು. ಕೂರುವಾಗ ಮೂರು ಎಣಿಸಿ, ಏಳುವಾಗ ಒಂದು ಎಣಿಸಿ. ಮಂಡಿ ಕಾಲಿನ ಬೆರಳಿನ ದಿಕ್ಕಿಗೇ ಇರಲಿ, ಒಳಕ್ಕೆ ಬಾಗದಿರಲಿ. ಹನ್ನೆರಡು ಸುಲಭವಾದ ಮೇಲೆ ಕುರ್ಚಿ ತೆಗೆದು ಮಾಡಿ, ಆಮೇಲೆ ಎದೆಗೆ ಐದು ಕಿಲೋ ಅಕ್ಕಿಯ ಚೀಲ ಅವಚಿಕೊಂಡು ಮಾಡಿ. ದಂಡವನ್ನು ನೆಲದ ಮೇಲೆ ಶುರುಮಾಡಬೇಡಿ. ಮೊದಲು ಗೋಡೆಗೆ, ತಿಂಗಳಾದ ಮೇಲೆ ಅಡುಗೆಮನೆಯ ಕಟ್ಟೆಗೆ, ಕೊನೆಗೆ ನೆಲಕ್ಕೆ ಇಳಿಯಿರಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿಳಿಸುವುದು, ಪುಸ್ತಕ ತುಂಬಿದ ಚೀಲವನ್ನು ಸೊಂಟ ಬಾಗಿಸಿ ಪಕ್ಕೆಯವರೆಗೆ ಎಳೆಯುವುದು, ಮೊಣಕೈ ಊರಿ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿದಿರುವುದು, ಇಷ್ಟು ಸೇರಿದರೆ ದೇಹದ ಮುಖ್ಯ ಸ್ನಾಯುಗಳೆಲ್ಲ ಬಂದವು. ಎಂಟರಿಂದ ಹನ್ನೆರಡು ಸಲದಂತೆ ಎರಡು ಸುತ್ತು ಮಾಡಿ. ಕೊನೆಯ ಎರಡು ಸಲ ಕಷ್ಟವೆನಿಸಬೇಕು. ಕಷ್ಟವೆನಿಸದಿದ್ದರೆ ಭಾರ ಹೆಚ್ಚಿಸುವ ಕಾಲ ಬಂದಿದೆ ಎಂದರ್ಥ. ಒಟ್ಟು ಬೇಕಾಗುವುದು ಅರ್ಧ ಗಂಟೆ, ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ವಿರಾಮ.

ನೆಲದಿಂದ ಭಾರ ಎತ್ತುವುದನ್ನು ನಾನು ಕಲಿತದ್ದು ಪೆಟ್ಟು ತಿಂದು. ಒಂದು ಜಿಮ್ಮಿನಲ್ಲಿ ಸೇರಿದ ಮೊದಲ ವಾರವೇ ನನ್ನ ವಯಸ್ಸನ್ನಾಗಲಿ ಅಭ್ಯಾಸವನ್ನಾಗಲಿ ಕೇಳದೆ ತರಬೇತುದಾರರು ದೊಡ್ಡ ಭಾರ ಎತ್ತಿಸಿದರು. ಬೆನ್ನು ಉಳುಕಿ ಮೂರು ವಾರ ಮಲಗಿದೆ. ಆಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ಮನೆಯ ಇಪ್ಪತ್ತು ಲೀಟರ್ ನೀರಿನ ಕ್ಯಾನನ್ನೇ ಮುಂದಿಟ್ಟು ಪಾಠ ಮಾಡಿದರು. ತುಂಬಿದ ಕ್ಯಾನು 20 ಕಿಲೋಗಿಂತ ಸ್ವಲ್ಪ ಹೆಚ್ಚು ಭಾರವಿರುತ್ತದೆ. ಅದು ಎರಡು ಪಾದಗಳ ನಡುವೆ, ಮೈಗೆ ಹತ್ತಿರ ಇರಬೇಕು. ಬಾಗುವಾಗ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸದೆ, ಹಿಂದಿನ ಬಾಗಿಲನ್ನು ಪೃಷ್ಠದಿಂದ ಮುಚ್ಚುವವರಂತೆ ಸೊಂಟವನ್ನು ಹಿಂದಕ್ಕೆ ತಳ್ಳಿ, ಮಂಡಿಯನ್ನು ತುಸು ಮಡಿಸಿ, ಹೊಟ್ಟೆಯನ್ನು ಬಿಗಿಹಿಡಿದು, ನೆಲವನ್ನು ಕಾಲಿನಿಂದ ಒತ್ತುತ್ತಾ ಮೇಲೇಳಬೇಕು. ಅರ್ಧ ತುಂಬಿದ ಕ್ಯಾನಿನಿಂದ ಅಭ್ಯಾಸ ಆರಂಭಿಸಿ. ಆ ಒಂದು ಚಲನೆ ಸರಿಯಾಗಿ ಬಂದರೆ ಗ್ಯಾಸ್ ಸಿಲಿಂಡರು, ಮೊಮ್ಮಗು, ಬಸ್ಸಿನಿಂದ ಇಳಿಸುವ ಸೂಟ್‌ಕೇಸು ಯಾವುದಕ್ಕೂ ಹೆದರಬೇಕಾಗಿಲ್ಲ.

ನಡಿಗೆ

ನಡಿಗೆಯ ಮಹತ್ವವನ್ನು ಮೊದಲು ತೋರಿಸಿಕೊಟ್ಟವರಲ್ಲಿ ಬಸ್ಸಿನ ಕಂಡಕ್ಟರುಗಳು ಸೇರಿದ್ದಾರೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. 1953ರಲ್ಲಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ಸಿಬ್ಬಂದಿಯನ್ನು ಹೋಲಿಸಿದಾಗ, ದಿನವಿಡೀ ಕೂತೇ ಇರುವ ಚಾಲಕರಿಗಿಂತ ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಎಂದು ಕಂಡುಬಂತು. ಅಂದರೆ ಬೇರೆ ಬಟ್ಟೆ ತೊಟ್ಟು, ಬೇರೆ ಸಮಯ ತೆಗೆದು ಮಾಡಿದ್ದು ಮಾತ್ರ ವ್ಯಾಯಾಮವಲ್ಲ. ಕೆಲಸದ ದಾರಿಯಲ್ಲೇ ಸೇರಿದ ಚಲನೆಗೂ ಪೂರ್ತಿ ಬೆಲೆಯಿದೆ.

ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಗುರಿಯಾಗಿರಲಿ. ಬಿರುಸು ಎಂದರೆ ಜೊತೆಯವರೊಡನೆ ಮಾತನಾಡಲು ಸಾಧ್ಯವಿರಬೇಕು, ಹಾಡಲು ಆಗಬಾರದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಅಂಕಿ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಹುಟ್ಟಿದ್ದು. ಏಳೆಂಟು ಸಾವಿರ ಹೆಜ್ಜೆಯಲ್ಲೇ ಲಾಭದ ದೊಡ್ಡ ಪಾಲು ಸಿಗುತ್ತದೆ. ನಮ್ಮ ಮೆಟ್ರೋ ಇದಕ್ಕೆ ಒದಗಿದ ವರವೆಂದು ನಾನು ತಿಳಿದಿದ್ದೇನೆ. ಮನೆಯಿಂದ ನಿಲ್ದಾಣಕ್ಕೆ ಆಟೋ ಹಿಡಿಯದೆ ಹನ್ನೆರಡು ನಿಮಿಷ ನಡೆದು, ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ, ಇಳಿದ ಕಡೆ ಮತ್ತೆ ಹತ್ತು ನಿಮಿಷ ನಡೆದರೆ ಹೋಗಿಬರುವುದರಲ್ಲಿ 40 ನಿಮಿಷ ದಾಟುತ್ತದೆ. ವಾರದಲ್ಲಿ ನಾಲ್ಕು ದಿನ ಕಚೇರಿಗೆ ಹೋದರೂ ಗುರಿ ಮುಟ್ಟಿತು.

ಕಾಲುದಾರಿಯ ಕಲ್ಲು ಕಿತ್ತುಹೋಗಿರುವುದು, ಹೊಗೆ, ನಾಯಿಗಳ ಭಯ ಎಲ್ಲವೂ ನಿಜವಾದ ಅಡ್ಡಿಗಳು. ಹತ್ತಿರದಲ್ಲಿ ಕಬ್ಬನ್ ಪಾರ್ಕ್, ಲಾಲ್‌ಬಾಗ್, ಸ್ಯಾಂಕಿ ಕೆರೆಯಂಥ ಜಾಗವಿದ್ದವರು ಭಾಗ್ಯವಂತರು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದನ್ನು ಕೆಂಪೇಗೌಡ ಗೋಪುರದವರೆಗೆ ಬಿರುಸಾಗಿ ಹತ್ತಿ, ನಿಧಾನವಾಗಿ ಇಳಿದು, ಹೀಗೆ ಐದು ಸಲ ಮಾಡಿದರೆ ಸಮನೆಲದ ಒಂದು ಗಂಟೆಯ ಅಲೆದಾಟಕ್ಕಿಂತ ಹೃದಯಕ್ಕೆ ಹೆಚ್ಚು ಕೆಲಸ ಸಿಗುತ್ತದೆ. ಅವು ಯಾವುವೂ ಹತ್ತಿರವಿಲ್ಲದವರಿಗೆ ಬಡಾವಣೆಯ ಉದ್ಯಾನ, ಅದೂ ಇಲ್ಲದವರಿಗೆ ತಾರಸಿ ಮತ್ತು ಅಪಾರ್ಟ್‌ಮೆಂಟಿನ ಮೆಟ್ಟಿಲು ಸಾಕು. ಇದಲ್ಲದೆ ರಾತ್ರಿ ಊಟದ ನಂತರ ಹದಿನೈದು ನಿಮಿಷ ಮನೆಯ ಸುತ್ತ ಓಡಾಡಿ. ಸಕ್ಕರೆಯ ಏರಿಕೆಯನ್ನು ಅದು ತಗ್ಗಿಸುತ್ತದೆ.

ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ಮಾಮೂಲಿಗಿಂತ ಹೆಚ್ಚು ಏದುಸಿರು, ತಲೆಸುತ್ತು ಕಂಡರೆ ಅಲ್ಲೇ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲೇ ವೈದ್ಯರಿಗೆ ತಿಳಿಸಿ, ಏಕೆಂದರೆ ಔಷಧದ ಪ್ರಮಾಣವನ್ನೂ ಬದಲಿಸಬೇಕಾಗುತ್ತದೆ. ಗರ್ಭಿಣಿಯರು, ಬಾಣಂತಿಯರು, ಮೂತ್ರಪಿಂಡದ ತೊಂದರೆಯಿರುವವರು ಇಲ್ಲಿಯ ಪ್ರೋಟೀನಿನ ಲೆಕ್ಕವನ್ನಾಗಲಿ ತೂಕ ಇಳಿಸುವ ಲೆಕ್ಕವನ್ನಾಗಲಿ ತಾವಾಗಿ ಅನ್ವಯಿಸಿಕೊಳ್ಳಬಾರದು. ಎಷ್ಟು ಪಥ್ಯ ಮಾಡಿದರೂ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳು ಬಿ12 ಮಟ್ಟವನ್ನೂ ನೋಡಿಸುವುದು ಒಳ್ಳೆಯದು. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಈಗ ಬಂದಿವೆ. ಅವು ಕೆಲಸ ಮಾಡುತ್ತವೆ, ಆದರೆ ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು, ಮತ್ತು ಅವುಗಳಿಂದ ಸ್ನಾಯುವೂ ಕರಗುವುದರಿಂದ ಬಸ್ಕಿ ದಂಡಗಳನ್ನು ಬಿಡುವಂತಿಲ್ಲ.

ಲೆಕ್ಕದ ಪುಸ್ತಕ

ತೂಕವನ್ನು ದಿನವೂ ನೋಡಿದರೂ ಅಡ್ಡಿಯಿಲ್ಲ, ಆದರೆ ನಂಬಬೇಕಾದದ್ದು ಏಳು ದಿನದ ಸರಾಸರಿಯನ್ನು. ಮದುವೆ ಮನೆಯಲ್ಲಿ ಉಪ್ಪು, ಅನ್ನ, ಸಿಹಿ ಹೆಚ್ಚು ತಿಂದ ಮರುದಿನ ಒಂದು ಕಿಲೋ ಏರಿದ್ದರೆ ಅದು ಬಹುತೇಕ ನೀರು. ಎರಡು ಮೂರು ದಿನಕ್ಕೆ ಇಳಿಯುತ್ತದೆ. ಹೆಂಗಸರಲ್ಲಿ ಮುಟ್ಟಿನ ಆಸುಪಾಸಿನಲ್ಲೂ ಹೀಗಾಗುವುದು ಸಹಜ. ಯುಗಾದಿಯ ದಿನ ಹೋಳಿಗೆ ತಿನ್ನಿ, ಆದರೆ ಉಳಿದ ಹೂರಣವನ್ನು ಫ್ರಿಜ್ಜಿನಲ್ಲಿಟ್ಟು ವಾರವೆಲ್ಲ ಹಬ್ಬ ಮಾಡಬೇಡಿ. ಅಂದೇ ನೆರೆಹೊರೆಗೆ ಹಂಚಿಬಿಡಿ. ರಾತ್ರಿ ಏಳು ಗಂಟೆ ನಿದ್ದೆಯಿಲ್ಲದಿದ್ದರೆ ಮರುದಿನ ಹಸಿವು ಹೆಚ್ಚುತ್ತದೆ, ಅದರಲ್ಲೂ ಸಿಹಿ ಮತ್ತು ಕರಿದದ್ದರ ಕಡೆಗೆ ಮನಸ್ಸು ಹರಿಯುತ್ತದೆ. ಆದ್ದರಿಂದ ನಿದ್ದೆಯ ಗಂಟೆಯನ್ನೂ ಪುಸ್ತಕದಲ್ಲಿ ಬರೆಯಿರಿ.

ಟೇಪನ್ನು ಎರಡು ವಾರಕ್ಕೊಮ್ಮೆ ಮಾತ್ರ ಹಿಡಿಯಿರಿ. ತೂಕ ನಿಂತಲ್ಲೇ ನಿಂತು ಸೊಂಟ ಇಳಿಯುತ್ತಿದ್ದರೆ ಕೊಬ್ಬು ಹೋಗಿ ಸ್ನಾಯು ಬರುತ್ತಿದೆ ಎಂದರ್ಥ, ಏನನ್ನೂ ಬದಲಿಸಬೇಡಿ. ನನ್ನಲ್ಲಿ ಐದನೆಯ ತಿಂಗಳಿನಿಂದ ಏಳನೆಯ ತಿಂಗಳವರೆಗೆ ತೂಕ 67 ಕಿಲೋದಿಂದ ಅಲ್ಲಾಡಲಿಲ್ಲ, ಟೇಪು ಮಾತ್ರ 93ರಿಂದ 91ಕ್ಕೆ ಬಂತು. ಎರಡೂ ನಿಂತಿದ್ದರೆ ಊಟದಲ್ಲಿ ಮತ್ತಷ್ಟು ಕತ್ತರಿ ಹಾಕುವ ಮೊದಲು ಎಣ್ಣೆ ಕ್ಯಾನಿನ ಮೇಲಿನ ದಿನಾಂಕ ನೋಡಿ, ಪಾವಿನ ಲೆಕ್ಕ ನೋಡಿ, ಶನಿವಾರ ಭಾನುವಾರದ ಹೊರಗಿನ ಊಟವನ್ನು ಎಣಿಸಿ. ನನ್ನ ಅನುಭವದಲ್ಲಿ ಸೋರಿಕೆ ಯಾವಾಗಲೂ ಈ ಮೂರರಲ್ಲೇ ಇರುತ್ತದೆ. ಆರಂಭದ ತೂಕದ ಶೇಕಡ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಎರಡೂ ಸುಧಾರಿಸುತ್ತವೆ. ಅಲ್ಲಿಗೆ ಮುಟ್ಟಿದ ಮೇಲೆ ಹೊತ್ತಿಗೆ ಒಂದು ಹಿಡಿ ಅಕ್ಕಿಯನ್ನು ಕುಕ್ಕರಿಗೆ ಮರಳಿ ಸೇರಿಸಿ, ಮೂರು ತಿಂಗಳು ಅದೇ ಮಟ್ಟದಲ್ಲಿ ನಿಂತು ನೋಡಿ; ಟೇಪು ಎರಡು ಸೆಂಟಿಮೀಟರ್ ಏರಿದರೆ ಆ ಹಿಡಿಯನ್ನು ವಾಪಸ್ಸು ಡಬ್ಬಿಗೆ ಹಾಕಿ.